ಅಮೆರಿಕದ ಪ್ರೋಗ್ರೆಸಿವ್ ಚಳವಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಗ್ರೆಸಿವ್ ಚಳವಳಿ ಅಂದರೇನು? ಯಾವಾಗ ನಡೆದದ್ದು?

ಸುಮಾರು 1890ರಿಂದ 1920ರವರೆಗೆ ಅಮೆರಿಕದಲ್ಲಿ ಎದ್ದ ಸುಧಾರಣೆಯ ಅಲೆಗೆ ಈ ಹೆಸರು. ಇದಕ್ಕೆ ಒಬ್ಬ ನಾಯಕ ಇರಲಿಲ್ಲ, ಒಂದು ಕಚೇರಿ ಇರಲಿಲ್ಲ. ಬೀದಿ ಕಸದ ಬಗ್ಗೆ ತಲೆಕೆಡಿಸಿಕೊಂಡ ಹೆಂಗಸರು, ಪತ್ರಕರ್ತರು, ಪಾದ್ರಿಗಳು, ಪ್ರೊಫೆಸರುಗಳು, ಮೇಯರುಗಳು, ಕಾರ್ಮಿಕ ಸಂಘದವರು, ಕೊನೆಗೆ ದೇಶದ ಅಧ್ಯಕ್ಷರೂ ಇದರಲ್ಲಿದ್ದರು. ರಿಪಬ್ಲಿಕನ್ನರೂ ಇದ್ದರು, ಡೆಮಾಕ್ರಟರೂ ಇದ್ದರು. ಎಷ್ಟೋ ವಿಷಯದಲ್ಲಿ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ.

ಆದರೂ ಒಂದು ನಂಬಿಕೆ ಎಲ್ಲರಲ್ಲೂ ಇತ್ತು. ಕೊಳಚೆ, ಕಲಬೆರಕೆ, ಲಂಚ, ಮಕ್ಕಳ ದುಡಿಮೆ, ಇವು ಯಾರ ಹಣೆಬರಹವೂ ಅಲ್ಲ. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಸರಿ ಮಾಡಬಹುದು. ಅದಕ್ಕೆ ಮೊದಲು ಕಣ್ಣಾರೆ ನೋಡಬೇಕು, ಎಣಿಸಬೇಕು, ಬರೆದಿಡಬೇಕು. ಆಮೇಲೆ ಕಾನೂನು ತರಬೇಕು. ಕಾನೂನು ಬಂದ ಮೇಲೆ ಅದು ನಡೀತಿದೆಯಾ ಅಂತ ನೋಡೋಕೆ ಒಬ್ಬ ಇನ್‌ಸ್ಪೆಕ್ಟರನ್ನು ಇಡಬೇಕು. ನನಗೆ ಈ ಚಳವಳಿಯಲ್ಲಿ ತುಂಬ ಇಷ್ಟವಾದದ್ದು ಈ ಇನ್‌ಸ್ಪೆಕ್ಟರೇ.

ಕನ್ನಡದ ಪ್ರಗತಿಶೀಲ ಚಳವಳಿಗೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಹೆಸರು ಒಂದೇ ಥರ ಇರುವುದರಿಂದ ಗೊಂದಲ ಆಗುತ್ತೆ. ಅ.ನ.ಕೃ., ತ.ರಾ.ಸು., ನಿರಂಜನ, ಕಟ್ಟೀಮನಿ ಇವರ ಕಾಲದ ಪ್ರಗತಿಶೀಲ ಚಳವಳಿ ಸಾಹಿತ್ಯದ್ದು, 1940ರ ದಶಕದ್ದು. 1936ರಲ್ಲಿ ಲಖನೌದಲ್ಲಿ ಸೇರಿದ ಪ್ರಗತಿಶೀಲ ಲೇಖಕರ ಸಮ್ಮೇಳನದ ಜೊತೆ ಅದರ ನಂಟು. ಅದರ ಒಲವು ಎಡಪಂಥದ ಕಡೆಗಿತ್ತು. ಅಮೆರಿಕದ ಪ್ರೋಗ್ರೆಸಿವ್‌ಗಳಲ್ಲಿ ಹೆಚ್ಚಿನವರು ಮಧ್ಯಮ ವರ್ಗದವರು. ಬಂಡವಾಳವನ್ನು ಬುಡಸಮೇತ ಕೀಳುವುದು ಅವರಿಗೆ ಬೇಕಿರಲಿಲ್ಲ, ಅದಕ್ಕೆ ಮೂಗುದಾರ ಹಾಕಿದರೆ ಸಾಕಿತ್ತು. ಅದಕ್ಕೇ ಇಲ್ಲಿ ‘ಪ್ರೋಗ್ರೆಸಿವ್’ ಅಂತಲೇ ಬರೆಯುತ್ತಿದ್ದೇನೆ.

ಇದು ಹುಟ್ಟಿದ್ದು ಯಾಕೆ?

1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕ ನೋಡನೋಡುತ್ತಲೇ ಬೆಳೆಯಿತು. 1850ರಲ್ಲಿ ಶಿಕಾಗೋ ಸುಮಾರು 30,000 ಜನರ ಊರು. 1900ರ ಹೊತ್ತಿಗೆ ಅಲ್ಲಿ ಸುಮಾರು 17 ಲಕ್ಷ ಜನ. ಇಟಲಿ, ಪೋಲೆಂಡ್, ರಷ್ಯಾ ಕಡೆಯಿಂದ ಹಡಗುಗಟ್ಟಲೆ ಜನ ಬಂದಿಳಿದರು. ಜನ ಬಂದ ವೇಗಕ್ಕೆ ಮನೆ, ನೀರು, ಚರಂಡಿ ಯಾವುದೂ ಬರಲಿಲ್ಲ. ಕಿಟಕಿ ಇಲ್ಲದ ಕೋಣೆಗಳಲ್ಲಿ ಇಡೀ ಸಂಸಾರಗಳು ಇದ್ದವು.

ಇನ್ನೊಂದು ಕಡೆ ದುಡ್ಡು ಕೆಲವೇ ಕೈಗಳಲ್ಲಿ ಸೇರಿತು. ಜಾನ್ ಡಿ. ರಾಕ್‌ಫೆಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಶುರು ಮಾಡಿದ. ಹತ್ತು ವರ್ಷದಲ್ಲಿ ದೇಶದ ಎಣ್ಣೆ ಶುದ್ಧೀಕರಣದ ಸುಮಾರು ಶೇ 90 ಭಾಗ ಅವನ ಹಿಡಿತಕ್ಕೆ ಬಂತು. ರೈಲು ಕಂಪನಿಗಳ ಜೊತೆ ಅವನದು ಒಳಒಪ್ಪಂದ. ಅವನ ಎಣ್ಣೆಗೆ ಸಾಗಣೆ ಬಾಡಿಗೆ ಕಡಿಮೆ, ಪಕ್ಕದವನಿಗೆ ಜಾಸ್ತಿ. ಪಕ್ಕದವನು ಬಾಗಿಲು ಮುಚ್ಚದೆ ಏನು ಮಾಡುತ್ತಾನೆ?

ರಾಜಕೀಯವೂ ಹಾಗೇ ಇತ್ತು. ಊರೂರಿಗೆ ಒಬ್ಬ ‘ಬಾಸ್’. ಹೊಸದಾಗಿ ಬಂದ ವಲಸಿಗನಿಗೆ ಕೆಲಸ ಕೊಡಿಸುವವನು ಅವನೇ, ಚಳಿಗಾಲದಲ್ಲಿ ಕಲ್ಲಿದ್ದಲು ಕಳಿಸುವವನೂ ಅವನೇ. ಬದಲಿಗೆ ವೋಟು. ಒಂದು ಮಾತು ಹೇಳಲೇಬೇಕು: ಕಷ್ಟಕಾಲದಲ್ಲಿ ಬಡವರ ಮನೆಗೆ ಬಂದವನು ಎಷ್ಟೋ ಸಲ ಅವನೊಬ್ಬನೇ. ಸುಧಾರಕರಲ್ಲಿ ಎಲ್ಲರಿಗೂ ಇದು ಅರ್ಥವಾಗಲಿಲ್ಲ.

1893ರಲ್ಲಿ ಬ್ಯಾಂಕುಗಳು ಮುಳುಗಿ, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ದುಡಿದು ತಿನ್ನುವವನು ಬಡವನಾಗುವುದು ಸೋಮಾರಿತನದಿಂದ ಅನ್ನುವ ಮಾತನ್ನು ನಂಬುವುದು ಆಮೇಲೆ ಕಷ್ಟವಾಯಿತು.

ರೈತರ ಪಾಲು ಏನೂ ಇರಲಿಲ್ವಾ?

ಇತ್ತು, ಮೊದಲು ಕೂಗೆದ್ದದ್ದೇ ಅಲ್ಲಿಂದ. ರೈಲು ಬಾಡಿಗೆ, ಸಾಲದ ಬಡ್ಡಿ, ಬೀಳುತ್ತಿದ್ದ ಬೆಲೆ, ಇವುಗಳಲ್ಲಿ ಸಿಕ್ಕಿಬಿದ್ದ ರೈತರು 1892ರಲ್ಲಿ ಪೀಪಲ್ಸ್ ಪಾರ್ಟಿಯ ಹೆಸರಲ್ಲಿ ಒಮಾಹಾದಲ್ಲಿ ಸೇರಿದರು. ಇವರೇ ಪಾಪ್ಯುಲಿಸ್ಟರು. ಆದಾಯ ಹೆಚ್ಚಿದಂತೆ ಹೆಚ್ಚುವ ತೆರಿಗೆ, ಗುಪ್ತ ಮತದಾನ, ಸಂಸತ್ತಿನ ಮೇಲ್ಮನೆಯ ಸದಸ್ಯರಾದ ಸೆನೆಟರುಗಳನ್ನು ಜನರೇ ಆರಿಸುವುದು, ಇವೆಲ್ಲ ಅವರ ಪಟ್ಟಿಯಲ್ಲಿದ್ದವು. 1896ರ ಅಧ್ಯಕ್ಷ ಚುನಾವಣೆಯಲ್ಲಿ ಅವರು ಬೆಂಬಲಿಸಿದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಸೋತ ಮೇಲೆ ಪಕ್ಷ ಕರಗಿತು. ಬೇಡಿಕೆಗಳು ಉಳಿದವು. ಇಪ್ಪತ್ತು ವರ್ಷದಲ್ಲಿ ಅವುಗಳಲ್ಲಿ ಹಲವು ಸೂಟು ಬೂಟಿನ ಪಟ್ಟಣದವರ ಕೈಯಲ್ಲಿ ಕಾನೂನಾದವು.

ಸುಧಾರಕರು ನಿಜವಾಗಿ ಏನು ಕೆಲಸ ಮಾಡುತ್ತಿದ್ದರು? ಒಂದು ಉದಾಹರಣೆ ಕೊಡಿ.

ಶಿಕಾಗೋದ ಹಾಲ್‌ಸ್ಟೆಡ್ ಬೀದಿಗೆ ಹೋಗೋಣ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅನ್ನುವ ಇಬ್ಬರು ಗೆಳತಿಯರು ಅಲ್ಲೊಂದು ಹಳೇ ಬಂಗಲೆ ಹಿಡಿದು ವಾಸಕ್ಕೆ ಬಂದರು. ಹೆಸರು ಹಲ್ ಹೌಸ್. ಸುತ್ತಲೂ ಇಟಲಿಯವರು, ಗ್ರೀಕರು, ರಷ್ಯಾದ ಯಹೂದಿಗಳು. ಲಂಡನ್ನಿನ ಟಾಯ್ನ್‌ಬೀ ಹಾಲ್ ನೋಡಿ ಬಂದಿದ್ದ ಆಡಮ್ಸ್ ಅವರ ಯೋಚನೆ ಸರಳ. ಬಡವರಿಗೆ ದೂರದಿಂದ ದಾನ ಕಳಿಸಬಾರದು, ಅವರ ಪಕ್ಕದ ಮನೆಯವರಾಗಿ ಬದುಕಬೇಕು. ಶಿಶುವಿಹಾರ, ರಾತ್ರಿ ಪಾಠ, ಸ್ನಾನದ ಮನೆ ಒಂದೊಂದಾಗಿ ಬಂದವು.

ಪಕ್ಕದ ಮನೆಯವರಾದ ಮೇಲೆ ಮೂಗಿಗೆ ಮೊದಲು ಬಡಿದದ್ದು ಕಸ. ಬೀದಿ ಬದಿಯಲ್ಲಿ ದೊಡ್ಡ ಮರದ ಕಸದ ಪೆಟ್ಟಿಗೆಗಳನ್ನು ನೆಲಕ್ಕೆ ಬಿಗಿದಿದ್ದರು. ಅವು ತುಂಬಿ ತುಳುಕುತ್ತಿದ್ದವು. ಮಕ್ಕಳು ಆಟಕ್ಕೆ ಹತ್ತುತ್ತಿದ್ದದ್ದೂ ಅವನ್ನೇ. ಆ ವಾರ್ಡಿನಲ್ಲಿ ಸಾಯುವವರ ಪ್ರಮಾಣ ಊರಿಗೇ ಮೂರನೆಯದು. ಹಲ್ ಹೌಸಿನ ಮಹಿಳಾ ಸಂಘದವರು ಸಂಜೆ ಹೊತ್ತು ಓಣಿ ಓಣಿ ಸುತ್ತಿ ಬರೆದುಕೊಳ್ಳಲು ಶುರು ಮಾಡಿದರು. ಇವರು ಶ್ರೀಮಂತರ ಮನೆಯವರಲ್ಲ. ಇಡೀ ದಿನ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಅಡುಗೆ ಮುಗಿಸಿ ಬಂದ ಹೆಂಗಸರು. ಸುಮ್ನೆ ಜಗಲಿ ಮೇಲೆ ಕೂತು ಗಾಳಿ ತಗೊಳ್ಳಬಹುದಿತ್ತು, ಅಲ್ವಾ? ಅದು ಬಿಟ್ಟು, ನೆರೆಯವರ ಕೈಲಿ ಬೈಸಿಕೊಳ್ಳುತ್ತಾ, ಕಸದ ಪೆಟ್ಟಿಗೆ ಎಣಿಸಿದರು. ಒಂದು ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್, ಎರಡೇ ತಿಂಗಳಲ್ಲಿ ಆರೋಗ್ಯ ಇಲಾಖೆಗೆ ಹೋದ ದೂರುಗಳು 1,037.

ಆದರೂ ಕಸ ಕದಲಲಿಲ್ಲ. ಕಸ ಎತ್ತುವ ಗುತ್ತಿಗೆ ರಾಜಕೀಯದವರ ಕಡೆಯವರದ್ದು. ಕೊನೆಗೆ 1895ರಲ್ಲಿ ಆಡಮ್ಸ್ ಅವರನ್ನೇ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು. ವರ್ಷಕ್ಕೆ 1,000 ಡಾಲರ್ ಸಂಬಳ. ಬೆಳಗ್ಗೆ 6 ಗಂಟೆಗೆ ಎದ್ದು ಕಸದ ಗಾಡಿಗಳ ಹಿಂದೆ ಹೊರಡುವುದು ಕೆಲಸ. ಗಾಡಿ ಎಲ್ಲಿ ತುಂಬಿತು, ಎಲ್ಲಿ ಸುರಿಯಿತು, ಎಲ್ಲಾ ನೋಡಬೇಕು. ಒಂದು ಸಣ್ಣ ಬೀದಿಯಲ್ಲಿ ಕಸ ಕೆರೆಸುತ್ತಾ ಹೋದರೆ 18 ಅಂಗುಲ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು! ಅಲ್ಲೊಂದು ರಸ್ತೆ ಇದೆ ಅನ್ನುವುದೇ ಜನರಿಗೆ ಮರೆತುಹೋಗಿತ್ತು. ಸಾವಿನ ಪಟ್ಟಿಯಲ್ಲಿ ಆ ವಾರ್ಡು ಮೂರರಿಂದ ಏಳನೇ ಜಾಗಕ್ಕೆ ಇಳಿಯಿತು. ಆಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನನ್ನ ಲೆಕ್ಕದಲ್ಲಿ ಕಸದ ಗಾಡಿ ಹಿಂದೆ ನಡೆದ ಆ ಬೆಳಗುಗಳು ಅದಕ್ಕಿಂತ ಒಂದು ಕೈ ಮೇಲೆ.

ಅದೇ ಮನೆಯಲ್ಲಿದ್ದ ಫ್ಲಾರೆನ್ಸ್ ಕೆಲ್ಲಿ 1893ರಲ್ಲಿ ಇಲಿನಾಯ್ ರಾಜ್ಯದ ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರ್ ಆದರು. ತಪ್ಪು ಮಾಡಿದ ಮಾಲೀಕರ ಮೇಲೆ ಕೇಸು ನಡೆಸಲು ಸರ್ಕಾರಿ ವಕೀಲರು ಹಿಂದೇಟು ಹಾಕಿದಾಗ ತಾವೇ ಕಾನೂನು ಓದಿ ಪದವಿ ತಗೊಂಡರು.

‘ಮಕ್‌ರೇಕರ್’ ಅಂದರೆ ಯಾರು?

ತಿಪ್ಪೆ ಕೆದಕುವವರು ಅಂತ ಅರ್ಥ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಭಾಷಣವೊಂದರಲ್ಲಿ ಬಳಸಿದ ಮಾತು. ಕೆಲವು ಪತ್ರಕರ್ತರು ಬರೀ ಕೊಳಕನ್ನೇ ನೋಡುತ್ತಾರೆ ಅನ್ನುವ ಸಿಟ್ಟಿನಲ್ಲಿ ಹೇಳಿದ್ದು. ಪತ್ರಕರ್ತರು ಅದನ್ನೇ ಬಿರುದು ಮಾಡಿಕೊಂಡರು.

ಇವರಲ್ಲಿ ಮೊದಲ ಹೆಸರು ಐಡಾ ಟಾರ್‌ಬೆಲ್ ಅವರದು. ಅಪ್ಪ ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಗಳ ಸೀಮೆಯಲ್ಲಿ ಸಣ್ಣ ವ್ಯಾಪಾರಿ. ರಾಕ್‌ಫೆಲರನ ಏಟಿನ ಬಿಸಿ ಆ ಮನೆಗೂ ತಟ್ಟಿತ್ತು. ಆದರೆ ಮಗಳು ಬರೆದದ್ದು ಬೈಗುಳ ಅಲ್ಲ. ಕೋರ್ಟಿನ ದಾಖಲೆ, ರೈಲು ಕಂಪನಿಗಳ ಕಾಗದಪತ್ರ ಎಲ್ಲ ಜಾಲಾಡಿ, 1902ರಿಂದ ‘ಮೆಕ್‌ಕ್ಲೂರ್ಸ್’ ಮಾಸಿಕದಲ್ಲಿ ಕಂತು ಕಂತಾಗಿ ಸ್ಟ್ಯಾಂಡರ್ಡ್ ಆಯಿಲ್‌ನ ಕಥೆ ಬರೆದರು. 1911ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಆ ಕಂಪನಿ 34 ಹೋಳಾಯಿತು.

ಅಪ್ಟನ್ ಸಿಂಕ್ಲೇರ್ ಕಥೆ ಬೇರೆ. ಶಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ದುಡಿಯುವವರ ಕಷ್ಟ ಹೇಳೋಕೆ 1906ರಲ್ಲಿ ‘ದಿ ಜಂಗಲ್’ ಕಾದಂಬರಿ ತಂದರು. ಓದಿದವರು ಕಾರ್ಮಿಕನ ಪಾಡಿಗಿಂತ ತಮ್ಮ ತಟ್ಟೆಯ ಮಾಂಸದ ಬಗ್ಗೆ ಹೆಚ್ಚು ಹೌಹಾರಿದರು. ಜನರ ಎದೆಗೆ ಗುರಿ ಇಟ್ಟೆ, ಹೊಟ್ಟೆಗೆ ಬಿತ್ತು ಅಂತ ಲೇಖಕರೇ ಹೇಳಿಕೊಂಡರು. ಅದೇ ವರ್ಷ ಜೂನ್ 30ರಂದು ಮಾಂಸ ತಪಾಸಣೆಯ ಕಾಯ್ದೆ, ಶುದ್ಧ ಆಹಾರ ಮತ್ತು ಔಷಧ ಕಾಯ್ದೆ, ಎರಡಕ್ಕೂ ರೂಸ್‌ವೆಲ್ಟ್ ಸಹಿ ಹಾಕಿದರು. ಬೆಂಗಳೂರು, ಹೈದರಾಬಾದಿನ ಔಷಧ ಕಾರ್ಖಾನೆಗಳಿಗೆ ಇವತ್ತು ತಪಾಸಣೆಗೆ ಬರುವ ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ) ಹುಟ್ಟಿದ್ದು ಆ ಎರಡನೇ ಕಾಯ್ದೆಯಿಂದ.

ಅವರ ಗುರಿಗಳು ಏನೇನು?

ಒಬ್ಬೊಬ್ಬರದು ಒಂದೊಂದು. ಆದರೂ ಹೆಚ್ಚಿನವರು ಹಿಡಿದ ದಾರಿ ನೋಡಿದರೆ ಮೊದಲು ಕಾಣುವುದು ಅಧಿಕಾರವನ್ನು ಬಾಸುಗಳ ಕೈಯಿಂದ ಕಿತ್ತು ಮತದಾರನಿಗೆ ಕೊಡುವ ಹಂಬಲ. ವಿಸ್ಕಾನ್ಸಿನ್‌ನಲ್ಲಿ ಗವರ್ನರ್ ರಾಬರ್ಟ್ ಲಾ ಫೊಲೆಟ್ ಹೋರಾಡಿ, ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುವ ಪ್ರೈಮರಿ ಚುನಾವಣೆ ತಂದರು. ಒರೆಗಾನ್ 1902ರಲ್ಲಿ ಜನರೇ ಮಸೂದೆ ತಂದು ಮತಕ್ಕೆ ಹಾಕುವ ಹಕ್ಕು ಕೊಟ್ಟಿತು, 1908ರಲ್ಲಿ ಆರಿಸಿದವನನ್ನು ನಡುವೆಯೇ ವಾಪಸ್ ಕರೆಸುವ ಹಕ್ಕನ್ನೂ ಕೊಟ್ಟಿತು. ಅಲ್ಲಿಯವರೆಗೆ ಸೆನೆಟರುಗಳನ್ನು ರಾಜ್ಯದ ಶಾಸಕರು ಆರಿಸುತ್ತಿದ್ದರು, ಅಲ್ಲಿ ದುಡ್ಡಿನ ಆಟ ನಡೆಯುತ್ತಿತ್ತು. 1913ರಲ್ಲಿ ಸಂವಿಧಾನಕ್ಕೆ ಆದ 17ನೇ ತಿದ್ದುಪಡಿ ಅದನ್ನು ಜನರ ಕೈಗೆ ಕೊಟ್ಟಿತು. ಹೆಂಗಸರಿಗೆ ಮತದ ಹಕ್ಕು 1920ರ 19ನೇ ತಿದ್ದುಪಡಿಯಿಂದ.

ಕಂಪನಿಗಳ ವಿಷಯದಲ್ಲಿ ಅವರಲ್ಲೇ ಜಗಳ. ದೊಡ್ಡದಿದ್ದರೆ ಇರಲಿ, ಸರ್ಕಾರ ಕಣ್ಣಿಡಲಿ ಅನ್ನುವುದು ರೂಸ್‌ವೆಲ್ಟ್ ಮಾತು. ದೊಡ್ಡದಾಗಿರುವುದೇ ರೋಗ, ಒಡೆಯಿರಿ ಅನ್ನುವುದು ವಕೀಲ ಲೂಯಿ ಬ್ರಾಂಡೈಸ್ ಮಾತು. ಇದರ ಜೊತೆ ಆದಾಯ ತೆರಿಗೆ (16ನೇ ತಿದ್ದುಪಡಿ, 1913), ಕಾಡುಗಳ ರಕ್ಷಣೆ, ಊರಿನ ಆಡಳಿತವನ್ನು ರಾಜಕೀಯದವರಿಂದ ಬಿಡಿಸಿ ತಿಳಿದವರಿಗೆ ಕೊಡುವುದು, ಇವೂ ಇದ್ದವು.

ಟ್ರಯಾಂಗಲ್ ಕಾರ್ಖಾನೆಯ ಬೆಂಕಿ ಬಗ್ಗೆ ಯಾಕೆ ಇಷ್ಟು ಹೇಳುತ್ತಾರೆ?

ನ್ಯೂಯಾರ್ಕಿನಲ್ಲಿ 10 ಮಹಡಿಯ ಕಟ್ಟಡ. ಮೇಲಿನ ಮೂರು ಮಹಡಿಯಲ್ಲಿ ಟ್ರಯಾಂಗಲ್ ಗಾರ್ಮೆಂಟ್ ಕಾರ್ಖಾನೆ, ಹೆಂಗಸರ ಬ್ಲೌಸು ಹೊಲಿಯುವ ಜಾಗ. ಕೆಲಸದವರಲ್ಲಿ ಹೆಚ್ಚಿನವರು ಇಟಲಿಯಿಂದ, ಪೂರ್ವ ಯುರೋಪಿನಿಂದ ಬಂದ ಹುಡುಗಿಯರು. 1911ರ ಮಾರ್ಚ್ 25, ಶನಿವಾರ. ಕೆಲಸ ಮುಗಿಯುವ ಹೊತ್ತು. 8ನೇ ಮಹಡಿಯಲ್ಲಿ ಕಟಿಂಗ್ ಮೇಜಿನ ಕೆಳಗಿದ್ದ ಬಟ್ಟೆ ಚೂರುಗಳಿಗೆ ಬೆಂಕಿ ಹತ್ತಿತು. ಅಲ್ಲಿಂದ 10ನೇ ಮಹಡಿಗೆ, ಮಾಲೀಕರು ಇದ್ದಲ್ಲಿಗೆ, ಫೋನ್ ಹೋಯಿತು. 9ನೇ ಮಹಡಿಗೆ ಯಾರೂ ಹೇಳಲಿಲ್ಲ.

9ನೇ ಮಹಡಿಯ ಒಂದು ಬಾಗಿಲಿಗೆ ಬೀಗ. ಮನೆಗೆ ಹೋಗುವಾಗ ಎಲ್ಲರೂ ಒಂದೇ ಬಾಗಿಲಲ್ಲಿ ಹೋಗಬೇಕು, ಅಲ್ಲಿ ಕೈಚೀಲ ತಪಾಸಣೆ, ಬಟ್ಟೆ ಕದ್ದಾರು ಅಂತ. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕದವರ ಏಣಿ 6ನೇ ಮಹಡಿಗೇ ಮುಗಿಯಿತು. ಹುಡುಗಿಯರು ಕಿಟಕಿಯಿಂದ ಹಾರಿದರು. ಅರ್ಧ ಗಂಟೆಯೂ ಆಗಿರಲಿಲ್ಲ, ಸತ್ತವರು 146.

ಇದೇ ಹುಡುಗಿಯರ ಪೈಕಿ ಹಲವರು 1909ರಲ್ಲಿ ಗಾರ್ಮೆಂಟ್ ಕೆಲಸದವರು ಮಾಡಿದ ದೊಡ್ಡ ಮುಷ್ಕರದಲ್ಲಿ ಬೀದಿಗಿಳಿದವರು. ಆಗ ಅವರ ಮಾತಿಗೆ ಬೆಲೆ ಸಿಗಲಿಲ್ಲ. ಬಾಗಿಲಿಗೆ ಬೀಗ ಇದ್ದದ್ದು ಮಾಲೀಕರಿಗೆ ಗೊತ್ತಿತ್ತು ಅಂತ ಸಾಬೀತಾಗದೆ ಅವರು ಕೋರ್ಟಿನಲ್ಲಿ ಬಿಡುಗಡೆಯಾದರು. 1914ರಲ್ಲಿ ಕೊಟ್ಟ ಪರಿಹಾರ ಒಂದು ಜೀವಕ್ಕೆ 75 ಡಾಲರ್. ಅದಕ್ಕೂ ಮುಂಚೆ, 1913ರಲ್ಲಿ, ಅದೇ ಮಾಲೀಕರಲ್ಲಿ ಒಬ್ಬನಿಗೆ ಮತ್ತೆ ಬಾಗಿಲಿಗೆ ಬೀಗ ಹಾಕಿಸಿದ್ದಕ್ಕೆ ದಂಡ ಬಿತ್ತು. 20 ಡಾಲರ್.

ಬೆಂಕಿ ಹತ್ತಿದ ದಿನ ಫ್ರಾನ್ಸಿಸ್ ಪರ್ಕಿನ್ಸ್ ಅನ್ನುವ ಕಾರ್ಯಕರ್ತೆ ಹತ್ತಿರದ ಮನೆಯೊಂದರಲ್ಲಿ ಟೀಗೆ ಬಂದಿದ್ದರು. ಓಡಿ ಬಂದು ಕಣ್ಣಾರೆ ನೋಡಿದರು. ಮುಂದೆ ರಾಜ್ಯ ಸರ್ಕಾರ ತನಿಖಾ ಆಯೋಗ ಮಾಡಿದಾಗ ಅದರ ಮುಂದಾಳುಗಳಾದ ರಾಬರ್ಟ್ ವ್ಯಾಗ್ನರ್, ಅಲ್ ಸ್ಮಿತ್ ಇಬ್ಬರನ್ನೂ ಪರ್ಕಿನ್ಸ್ ಕಾರ್ಖಾನೆ ಕಾರ್ಖಾನೆ ಸುತ್ತಿಸಿದರು. ಒಂದು ಕಡೆ ಗೋಡೆಯಲ್ಲಿ ಸಣ್ಣ ಕಿಂಡಿ, ಅದರಾಚೆ ಹಿಮ ಕಟ್ಟಿದ ಕಬ್ಬಿಣದ ಏಣಿ, ಅದೂ ನೆಲದಿಂದ 12 ಅಡಿ ಮೇಲೇ ಮುಗಿಯುತ್ತಿತ್ತು. ಬೆಂಕಿ ಬಿದ್ದರೆ ಪಾರಾಗುವ ದಾರಿ ಅಂತ ಅದಕ್ಕೆ ಹೆಸರು. ವ್ಯಾಗ್ನರ್ ಅವರನ್ನು ಆ ಕಿಂಡಿಯಲ್ಲಿ ತೆವಳಿಸಿಯೇ ಬಿಟ್ಟರು. ಕೆಲವೇ ವರ್ಷದಲ್ಲಿ ನ್ಯೂಯಾರ್ಕ್ 30ಕ್ಕೂ ಹೆಚ್ಚು ಕಾನೂನು ತಂದಿತು. ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಹಾಕುವಂತಿಲ್ಲ, ಬೆಂಕಿಯ ಅಭ್ಯಾಸ ಮಾಡಿಸಲೇಬೇಕು, ಹೀಗೆ.

ಕೋರ್ಟುಗಳು ಏನಂದವು?

ಎಷ್ಟೋ ಸಲ ಅಡ್ಡ ಬಂದವು. ಬೇಕರಿ ಕೆಲಸದವರಿಗೆ ದಿನಕ್ಕೆ 10 ಗಂಟೆ ಮಿತಿ ಹಾಕಿದ್ದ ನ್ಯೂಯಾರ್ಕಿನ ಕಾನೂನನ್ನು ಸುಪ್ರೀಂ ಕೋರ್ಟ್ 1905ರಲ್ಲಿ ತಳ್ಳಿಹಾಕಿತು. ಎಷ್ಟು ಹೊತ್ತು ದುಡಿಯಬೇಕು ಅನ್ನುವುದು ಮಾಲೀಕ ಮತ್ತು ಕೆಲಸಗಾರ ಮಾತಾಡಿಕೊಳ್ಳುವ ವಿಷಯ ಅಂತ. 1908ರಲ್ಲಿ ಒರೆಗಾನ್‌ನ ಹೆಂಗಸರ ದುಡಿಮೆ ಅವಧಿಯ ಕೇಸು ಬಂದಾಗ ಬ್ರಾಂಡೈಸ್ ದಾರಿ ಬದಲಿಸಿದರು. ಕಾನೂನಿನ ವಾದಕ್ಕೆ ಎರಡು ಪುಟ ಇಟ್ಟು, ಉಳಿದ ನೂರಕ್ಕೂ ಹೆಚ್ಚು ಪುಟದಲ್ಲಿ ವೈದ್ಯರ, ಇನ್‌ಸ್ಪೆಕ್ಟರುಗಳ ವರದಿ ತುಂಬಿದರು. ಆ ವರದಿ ಹುಡುಕಿ ಕೊಟ್ಟವರು ಜೋಸೆಫೀನ್ ಗೋಲ್ಡ್‌ಮಾರ್ಕ್ ಮತ್ತು ಅವರ ಜೊತೆಯ ಹೆಂಗಸರು. ಕೇಸು ಗೆದ್ದಿತು.

ಮಕ್ಕಳ ದುಡಿಮೆ ತಡೆಯುವ 1916ರ ಕೇಂದ್ರ ಕಾನೂನನ್ನು 1918ರಲ್ಲಿ ಕೋರ್ಟು ಹೊಡೆದುಹಾಕಿತು. ಗಟ್ಟಿಯಾಗಿ ನಿಂತ ಕೇಂದ್ರ ಕಾನೂನು ಬಂದದ್ದು 1938ರಲ್ಲಿ. ನಡುವಿನ ಇಪ್ಪತ್ತು ವರ್ಷದಲ್ಲಿ ಎಷ್ಟು ಮಕ್ಕಳ ಬಾಲ್ಯ ಗಿರಣಿಗಳಲ್ಲಿ ಕಳೆಯಿತೋ ನೆನೆದರೆ ಸಂಕಟವಾಗುತ್ತೆ.

1912ರ ಚುನಾವಣೆ ಯಾಕೆ ಮುಖ್ಯ?

ಥಿಯೋಡರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದ ಜೊತೆ ಜಗಳವಾಡಿ ಹೊರಬಂದು ಪ್ರೋಗ್ರೆಸಿವ್ ಪಕ್ಷ ಕಟ್ಟಿದರು. (ಇವರು ಎರಡನೇ ಮಹಾಯುದ್ಧದ ಕಾಲದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಲ್ಲ, ಅವರ ದೂರದ ನೆಂಟರು.) ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ ಅವರ ಎದೆಗೆ ಗುಂಡು ಬಿತ್ತು. ಜೇಬಿನಲ್ಲಿದ್ದ ದಪ್ಪ ಭಾಷಣದ ಹಾಳೆ ಮತ್ತು ಕನ್ನಡಕದ ಡಬ್ಬಿ ಗುಂಡಿನ ಬಿರುಸು ತಗ್ಗಿಸಿದವು. ಗುಂಡು ಎದೆಯಲ್ಲಿರುವಾಗಲೇ ಒಂದು ಗಂಟೆಗೂ ಹೆಚ್ಚು ಮಾತಾಡಿದರು. ಗೆದ್ದದ್ದು ಡೆಮಾಕ್ರಟ್ ವುಡ್ರೋ ವಿಲ್ಸನ್. ರೂಸ್‌ವೆಲ್ಟ್ ಎರಡನೆಯವರು, ಹಾಲಿ ಅಧ್ಯಕ್ಷ ಟಾಫ್ಟ್ ಮೂರನೆಯವರು.

ಮದ್ಯಪಾನ ನಿಷೇಧವೂ ಇವರದೇನಾ?

ಬಹುಮಟ್ಟಿಗೆ ಹೌದು. ಗಂಡಂದಿರ ಸಂಬಳ ಹೆಂಡದಂಗಡಿಯಲ್ಲಿ ಕರಗುವುದನ್ನು ಕಂಡ ಹೆಂಗಸರ ಸಿಟ್ಟು ಅದರ ಹಿಂದಿತ್ತು. ಬಾಸುಗಳ ರಾಜಕೀಯ ನಡೆಯುತ್ತಿದ್ದದ್ದೂ ಅಲ್ಲೇ. ಜೊತೆಗೆ ವಲಸಿಗರ ಬದುಕಿನ ರೀತಿ ಬಗ್ಗೆ ತಾತ್ಸಾರವೂ ಇತ್ತು. 1920ರಲ್ಲಿ ಜಾರಿಗೆ ಬಂದ ನಿಷೇಧ 1933ರಲ್ಲಿ ರದ್ದಾಯಿತು.

ಕಪ್ಪು ಜನರಿಗೆ ಇದರಿಂದ ಒಳ್ಳೆಯದಾಯಿತಾ?

ಈ ಪ್ರಶ್ನೆಯನ್ನು ಎಷ್ಟೋ ಪಠ್ಯಪುಸ್ತಕಗಳು ಕೊನೆಗೆ ತಳ್ಳುತ್ತವೆ. ಉತ್ತರ ಕಹಿಯಾಗಿದೆ. ಸುಧಾರಣೆ ಜೋರಾಗಿದ್ದ ಇದೇ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳು ಕಪ್ಪು ಜನರ ಮತದ ಹಕ್ಕನ್ನು ಕಿತ್ತುಕೊಂಡವು. ಬಿಳಿಯರಿಗೆ ಮಾತ್ರ ಅಂತ ಮಾಡಿದ ಪ್ರೈಮರಿ ಅಲ್ಲಿ ಅದಕ್ಕೇ ಒಂದು ಸಾಧನವಾಯಿತು. ವಿಲ್ಸನ್ ಸರ್ಕಾರ 1913ರಲ್ಲಿ ಕೇಂದ್ರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸಿತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಮತದ ಹಕ್ಕಿಗಾಗಿ ನಡೆದ ಹೆಂಗಸರ ಮೆರವಣಿಗೆಯಲ್ಲಿ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರಿಗೆ ಹಿಂದೆ, ಕಪ್ಪು ಹೆಂಗಸರ ಜೊತೆ ನಡೆಯಲು ಹೇಳಿದರು. ಅವರು ಒಪ್ಪದೆ ಇಲಿನಾಯ್ ತಂಡದೊಳಗೇ ಸೇರಿ ನಡೆದರು. ಕಪ್ಪು ಜನರ ಹಕ್ಕಿಗಾಗಿ 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ ಸಂಘಟನೆಯಲ್ಲಿ ವೆಲ್ಸ್, ಕಪ್ಪು ಚಿಂತಕ ಡುಬಾಯ್ಸ್ ಜೊತೆ ಆಡಮ್ಸ್ ಥರದ ಕೆಲವು ಬಿಳಿಯರೂ ನಿಂತರು ಅನ್ನುವುದನ್ನೂ ಮರೆಯಬಾರದು.

ಎಣಿಸುವ, ವಿಂಗಡಿಸುವ ಚಟಕ್ಕೆ ಕರಾಳ ಮುಖವೂ ಇತ್ತು. ‘ಒಳ್ಳೆಯ ತಳಿ’ಯ ಹೆಸರಲ್ಲಿ ಇಂಡಿಯಾನಾ ರಾಜ್ಯ 1907ರಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಯ ಕಾನೂನು ಮಾಡಿತು. ಬೇರೆ ರಾಜ್ಯಗಳೂ ಹಿಂಬಾಲಿಸಿದವು.

ಭಾರತೀಯರಿಗೆ ಇದು ತಟ್ಟಿತಾ?

ತಟ್ಟಿತು. 1917ರ ವಲಸೆ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ದೊಡ್ಡ ಭಾಗದಿಂದ ಬರುವವರಿಗೆ ಬಾಗಿಲು ಹಾಕಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ವಲಸಿಗನ ಕೇಸಿನಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪಾಯಿತು. ಆ ಹಕ್ಕು ಸಿಕ್ಕಿದ್ದು 1946ರಲ್ಲಿ.

ಇನ್ನೊಂದು ನಂಟು ಖುಷಿ ಕೊಡುವಂಥದ್ದು. 1913ರಿಂದ 1916ರವರೆಗೆ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಅವರ ಗುರುಗಳಲ್ಲಿ ಜಾನ್ ಡ್ಯೂಯಿ ಮತ್ತು ಎಡ್ವಿನ್ ಸೆಲಿಗ್‌ಮನ್ ಇದ್ದರು. ಇಬ್ಬರೂ ಪ್ರೋಗ್ರೆಸಿವ್ ಚಿಂತನೆಯ ದೊಡ್ಡ ಹೆಸರುಗಳು. ಪ್ರಜಾಪ್ರಭುತ್ವ ಅಂದರೆ ಬರೀ ಆಡಳಿತದ ರೀತಿ ಅಲ್ಲ, ಜೊತೆಯಾಗಿ ಬದುಕುವ ರೀತಿ ಅನ್ನುವ ಡ್ಯೂಯಿ ವಿಚಾರ ಅಂಬೇಡ್ಕರ್ ಬರಹದಲ್ಲಿ ಮತ್ತೆ ಮತ್ತೆ ಬರುತ್ತೆ.

ಚಳವಳಿ ಯಾವಾಗ ಮುಗಿಯಿತು?

1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಯುದ್ಧ ಬೇಡ ಅಂದವರನ್ನು ಜೈಲಿಗೆ ಹಾಕುವ ಕಾನೂನು ಬಂತು. ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್‌ಗೆ ಒಂದು ಭಾಷಣಕ್ಕೆ 10 ವರ್ಷ ಶಿಕ್ಷೆಯಾಯಿತು. 1920ರ ಹೊತ್ತಿಗೆ ಜನ ದಣಿದಿದ್ದರು. ಆದರೆ ಮನುಷ್ಯರು ಉಳಿದರು. ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿಯಾದರು, ಅಮೆರಿಕದ ಸಂಪುಟಕ್ಕೆ ಸೇರಿದ ಮೊದಲ ಹೆಂಗಸು. 1935ರ ಸಾಮಾಜಿಕ ಭದ್ರತೆ ಕಾಯ್ದೆಯ ಹಿಂದೆ ಅವರ ಕೈ ಇದೆ.

ಇವತ್ತು ಅಮೆರಿಕದಲ್ಲಿ ಇದರ ಗುರುತು ಎಲ್ಲಿ ಕಾಣಬಹುದು?

ಕ್ಯಾಲಿಫೋರ್ನಿಯಾದಲ್ಲಿ ಮತದ ಹಕ್ಕಿರುವ ನೆಂಟರು ಇದ್ದರೆ ಕೇಳಿ ನೋಡಿ. ಚುನಾವಣೆಗೆ ಮುಂಚೆ ಅವರ ಮನೆಗೆ ಒಂದು ಪುಸ್ತಕ ಬರುತ್ತೆ, ಅದರ ತುಂಬ ಪ್ರೊಪೊಸಿಷನ್‌ಗಳು. ಜನರೇ ಕಾನೂನಿಗೆ ಹೌದು, ಇಲ್ಲ ಅನ್ನುವ ಆ ಪದ್ಧತಿ ಅಲ್ಲಿಗೆ ಬಂದದ್ದು 1911ರಲ್ಲಿ, ರೈಲು ಕಂಪನಿಯ ಹಿಡಿತ ಬಿಡಿಸಲು. ಈಗ ದೊಡ್ಡ ಕಂಪನಿಗಳೇ ಕೋಟಿಗಟ್ಟಲೆ ಸುರಿದು ಅದನ್ನು ಬಳಸುತ್ತವೆ ಅನ್ನುವುದು ಬೇಸರದ ಸಂಗತಿ.

ಶಿಕಾಗೋಗೆ ಹೋದರೆ ಹಲ್ ಹೌಸ್ ಈಗ ಮ್ಯೂಸಿಯಂ. ನ್ಯೂಯಾರ್ಕಿನ ಟ್ರಯಾಂಗಲ್ ಕಟ್ಟಡ ಇನ್ನೂ ನಿಂತಿದೆ, ಈಗ ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯದ್ದು. 2023ರಲ್ಲಿ ಅಲ್ಲೊಂದು ಸ್ಮಾರಕವೂ ಆಯಿತು. ಪ್ರತಿವರ್ಷ ಮಾರ್ಚ್ 25ರಂದು ಒಂದಷ್ಟು ಜನ ಸೀಮೆಸುಣ್ಣ ಹಿಡಿದು ಊರೆಲ್ಲಾ ಹೊರಡುತ್ತಾರೆ. ಸತ್ತ 146 ಜನರಲ್ಲಿ ಯಾರ್ಯಾರು ಎಲ್ಲಿ ವಾಸವಿದ್ದರೋ ಆ ಮನೆಗಳ ಮುಂದೆ ನೆಲದ ಮೇಲೆ ಅವರ ಹೆಸರು, ವಯಸ್ಸು ಬರೆದು ಬರುತ್ತಾರೆ.